ಓಸಿ ಇಲ್ಲ, ಮೀಟರ್ ಇಲ್ಲ: ಬೆಂಗಳೂರಿನ ಒಂದು ಮನೆಯ ಪ್ರಕರಣ

ಈ ಪ್ರಕರಣ ಬರೆಯಲು ಆ ಮನೆಯವರೇ ಒಪ್ಪಿದರು. ಹೆಸರು, ಬಡಾವಣೆ, ರಸ್ತೆ ಮಾತ್ರ ಬೇಡ ಎಂದರು. ಹಾಗಾಗಿ ಇಲ್ಲಿ ಅವರು ಯಜಮಾನರು, ಯಜಮಾನಿ ಮತ್ತು ಮಗ. ಗುರುತು ಹಿಡಿಯಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಅವರು ಯಾವಾಗ ಏನು ನಿರ್ಧಾರ ಮಾಡಿದರು, ಏಕೆ ಮಾಡಿದರು ಎಂಬುದನ್ನು ಇದ್ದ ಹಾಗೆಯೇ ಇಟ್ಟಿದ್ದೇನೆ. ನನ್ನ ನಿಲುವನ್ನೂ ಮೊದಲೇ ಹೇಳಿಬಿಡುತ್ತೇನೆ. ಸರ್ಕಾರ ಕೆಲವೇ ಕೆಲಸ ಇಟ್ಟುಕೊಳ್ಳಬೇಕು, ಅವನ್ನು ಹೊತ್ತಿಗೆ ಸರಿಯಾಗಿ ಮಾಡಬೇಕು, ಕಾನೂನು ಎಲ್ಲರಿಗೂ ಒಂದೇ ಆಗಿರಬೇಕು ಎನ್ನುವವನು ನಾನು. ಈ ಕುಟುಂಬದ ಒಂದು ವರ್ಷವನ್ನು ಹತ್ತಿರದಿಂದ ನೋಡಿದ ಮೇಲೆ ಆ ನಂಬಿಕೆ ಇನ್ನಷ್ಟು ಗಟ್ಟಿಯಾಗಿದೆ.

ಹಿನ್ನೆಲೆ

ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಮಾಗಡಿ ರಸ್ತೆಯ ಆಚೆಗೆ ಒಂದು 30x40 ಸೈಟನ್ನು ಸರ್ವೀಸಿನಲ್ಲಿದ್ದಾಗಲೇ ಕೊಂಡಿದ್ದರು. ಪಿಎಫ್ ದುಡ್ಡು, ಯಜಮಾನಿಯ ಒಂದಿಷ್ಟು ಒಡವೆ, ಮಗನ ಹೆಸರಿನಲ್ಲಿ ಗೃಹಸಾಲ ಎಲ್ಲ ಸೇರಿಸಿ 2022ರಲ್ಲಿ ಪ್ಲಾನ್ ಮಂಜೂರು ಮಾಡಿಸಿದರು. ನೆಲಮಹಡಿ, ಅದರ ಮೇಲೆ ಎರಡು ಮಹಡಿ. ಕೆಳಗೆ ತಾವು ಇದ್ದು ಮೇಲಿನ ಎರಡನ್ನು ಬಾಡಿಗೆಗೆ ಕೊಟ್ಟರೆ ಇಎಂಐ ತಾನಾಗಿ ಹೋಗುತ್ತದೆ ಎಂಬ ಲೆಕ್ಕ. ಪಿಂಚಣಿ ಇಲ್ಲದ ನೌಕರಿ ಮಾಡಿದ ಬೆಂಗಳೂರಿನ ಎಷ್ಟೋ ಜನರಿಗೆ ಮುಪ್ಪಿನ ಆಸರೆ ಎಂದರೆ ಹೀಗೆ ಕಟ್ಟಿದ ಮನೆಯ ಬಾಡಿಗೆಯೇ.

ಪ್ಲಾನಿನಲ್ಲಿ ಮುಂಭಾಗ ಕಾರು ನಿಲ್ಲಿಸುವ ಜಾಗ. ಪಾಯ ಮುಗಿದು ಕಂಬಗಳು ಎದ್ದ ಮೇಲೆ ಕಂಟ್ರಾಕ್ಟರ್ ಹೇಳಿದ್ದು: "ಸಾರ್, ಈ ರಸ್ತೇಲಿ ಯಾರು ಕಾರು ಒಳಗೆ ನಿಲ್ಲಿಸ್ತಾರೆ ಹೇಳಿ? ಮುಂದೆ ಒಂದು ಶಟರ್ ಇಟ್ಕೊಳ್ಳಿ. ಒಂದು ಅಂಗಡಿ ಬಾಡಿಗೆ ಬರುತ್ತೆ. ಯಾರೂ ಕೇಳೋರಿಲ್ಲ." ಯಜಮಾನರು ಎರಡು ವಾರ ತಡೆದರು. ಆಚೀಚೆ ನೋಡಿದರು. ಅದೇ ಸಾಲಿನಲ್ಲಿ ನಾಲ್ಕಾರು ಮನೆಗಳಿಗೆ ಶಟರ್ ಇತ್ತು. ಒಪ್ಪಿದರು. ಆಮೇಲೆ ತಾರಸಿ ಮೇಲೊಂದು ಶೀಟಿನ ರೂಮು ಬಂತು, ಮೊದಲ ಮಹಡಿಯ ಬಾಲ್ಕನಿ ಪ್ಲಾನಿಗಿಂತ ಒಂದಡಿ ಮುಂದೆ ಚಾಚಿತು.

ಕಂಟ್ರಾಕ್ಟರ್ ಹೇಳಿದ್ದು ನಿಜವೇ ಆಯಿತು. ಕಟ್ಟುವಷ್ಟು ಕಾಲವೂ ಯಾರೂ ಬಂದು ಕೇಳಲಿಲ್ಲ. ಈ ಪ್ರಕರಣವನ್ನು ಓದುವಾಗ ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ತೊಡಕು ಎಲ್ಲಿ ಶುರುವಾಯಿತು

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಮೀರತ್ ನಗರದ ಅಕ್ರಮ ಕಟ್ಟಡವೊಂದರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಹಲವು ನಿರ್ದೇಶನಗಳಿದ್ದವು. ಮಂಜೂರಾದ ಪ್ಲಾನನ್ನು ಕಟ್ಟಡದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಅಧಿಕಾರಿಗಳು ಆಗಾಗ ಬಂದು ತಪಾಸಣೆ ಮಾಡಿ ದಾಖಲೆ ಇಡಬೇಕು. ಸ್ಥಳ ನೋಡಿ, ಪ್ಲಾನಿನಂತೆ ಇದೆ ಎಂದು ಖಾತ್ರಿಯಾದ ಮೇಲೆಯೇ ಸ್ವಾಧೀನಾನುಭವ ಪ್ರಮಾಣಪತ್ರ, ಅಂದರೆ ಓಸಿ, ಕೊಡಬೇಕು. ಓಸಿ ಇದ್ದರೆ ಮಾತ್ರ ವಿದ್ಯುತ್, ನೀರು, ಒಳಚರಂಡಿ. ತಪ್ಪಾಗಿ ಪ್ರಮಾಣಪತ್ರ ಕೊಟ್ಟ ಅಧಿಕಾರಿಯ ಮೇಲೆ ಇಲಾಖಾ ಕ್ರಮ.

ತೀರ್ಪಿನಲ್ಲಿ ನನಗೆ ತಕರಾರಿಲ್ಲ. ಕಾನೂನಿದ್ದ ಮೇಲೆ ಅದು ನಡೆಯಬೇಕು. 2025ರ ಮಾರ್ಚ್‌ನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಈ ತೀರ್ಪನ್ನು ಪಾಲಿಸುವಂತೆ ರಾಜ್ಯದ ವಿದ್ಯುತ್ ವಿತರಣಾ ಕಂಪನಿಗಳಿಗೆ ಸೂಚಿಸಿತು. ಓಸಿ ಇಲ್ಲದ ಹೊಸ ಕಟ್ಟಡಗಳಿಗೆ ಕಾಯಂ ಸಂಪರ್ಕ ನಿಂತಿತು. ನಮ್ಮ ಯಜಮಾನರ ಮನೆಗೆ ಬಣ್ಣ ಬಳಿದು ಮುಗಿದಿತ್ತು, ವೈಶಾಖದಲ್ಲಿ ಗೃಹಪ್ರವೇಶದ ಮುಹೂರ್ತ ಗೊತ್ತಾಗಿತ್ತು.

ಕಾಯಂ ಮೀಟರಿಗೆ ಅರ್ಜಿ ಹಾಕಿದಾಗ ಓಸಿ ತನ್ನಿ ಎಂದರು. ಓಸಿಗೆ ಅರ್ಜಿ ಹಾಕಿದಾಗ ಎಂಜಿನಿಯರ್ ಮನೆ ಮುಂದೆ ನಿಂತು ಶಟರ್ ನೋಡಿ, ಒಳಗೂ ಬರದೆ, ಆಗುವುದಿಲ್ಲ ಎಂದು ಹೋದರು. ಆ ಕಟ್ಟಡದ ಹತ್ತಿರ ಪಾಲಿಕೆಯ ಅಧಿಕಾರಿಯೊಬ್ಬರು ಮೊದಲ ಸಲ ಬಂದು ನಿಂತದ್ದು ಅವತ್ತು.

ಕಟ್ಟುವಾಗ ತೆಗೆದುಕೊಂಡಿದ್ದ ತಾತ್ಕಾಲಿಕ ಸಂಪರ್ಕವೇ ಮುಂದುವರಿಯಿತು. ಅದರ ದರ ಮನೆಬಳಕೆಯ ದರಕ್ಕಿಂತ ಬಹಳ ಹೆಚ್ಚು, ಅವಧಿ ಮುಗಿದಂತೆಲ್ಲ ವಿಸ್ತರಣೆ ಬೇರೆ ಮಾಡಿಸಬೇಕು. ಮೀಟರ್ ಇಲ್ಲದ ಮಹಡಿಗೆ ಬಾಡಿಗೆದಾರರು ಬರಲೊಪ್ಪಲಿಲ್ಲ. ಇಎಂಐ ಮಾತ್ರ ಪ್ರತಿ ತಿಂಗಳು 5ನೇ ತಾರೀಖಿಗೆ ಕಡಿತವಾಗುತ್ತಿತ್ತು.

ರಾಜ್ಯ ಸರ್ಕಾರ 2023ರಿಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುತ್ತಿದೆ. ಐದು ಗ್ಯಾರಂಟಿಗಳಿಗೆ 2024-25ರ ಬಜೆಟ್ಟಿನಲ್ಲಿ ಸುಮಾರು 52,000 ಕೋಟಿ ರೂಪಾಯಿ ತೆಗೆದಿಟ್ಟಿತ್ತು. ತಾತ್ಕಾಲಿಕ ಸಂಪರ್ಕಕ್ಕೆ ಗೃಹಜ್ಯೋತಿ ಇಲ್ಲ. ಪಕ್ಕದ ಮನೆಗೆ ಸೊನ್ನೆ ಬಿಲ್ಲು, ಇವರಿಗೆ ಹೆಚ್ಚಿನ ದರದ ಬಿಲ್ಲು. ಈ ದಂಪತಿ ಉಚಿತ ಕೇಳಿದವರಲ್ಲ. ದುಡ್ಡು ಕಟ್ಟುತ್ತೇವೆ, ಮೀಟರ್ ಕೊಡಿ ಎಂದು ಕೇಳಿದವರು. ಬಡವರಿಗೆ ನೆರವು ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಕಟ್ಟಡ ತಪಾಸಣೆಗೆ ಜನ ಇಲ್ಲ ಎನ್ನುವ ಆಡಳಿತ, ಹೊಸ ಉಚಿತಗಳನ್ನು ಘೋಷಿಸುವ ಮೊದಲು ತನ್ನ ಮೂಲ ಕೆಲಸಕ್ಕೆ ಜನರನ್ನು ನೇಮಿಸಬೇಕಿತ್ತು ಎಂದು ಖಂಡಿತ ಹೇಳುತ್ತೇನೆ.

ಎದುರಿಗಿದ್ದ ದಾರಿಗಳು

ಮೊದಲು ಬಂದವನು ಏಜೆಂಟ್. ಮೂರು ಲಕ್ಷ ಎಂದ. ಯಾವ ಕಾಗದ ಕೊಡುತ್ತೀರಿ ಎಂದು ಮಗ ಕೇಳಿದಾಗ, ತೀರ್ಪಿಗಿಂತ ಹಿಂದಿನ ದಿನಾಂಕದ ಓಸಿ ಮಾಡಿಸಿಕೊಡುತ್ತೇವೆ ಎಂಬ ಉತ್ತರ ಬಂತು. ಮಗ ಸಾಫ್ಟ್‌ವೇರ್ ಕಂಪನಿಯಲ್ಲಿರುವವನು, ತಿಂಗಳ ಕಂತು ಅವನ ಸಂಬಳದಿಂದಲೇ ಹೋಗುತ್ತಿತ್ತು. ಅವನಿಗೆ ಇದು ಮುಗಿದರೆ ಸಾಕಾಗಿತ್ತು. "ಅಪ್ಪ, ಎಲ್ಲರೂ ಕೊಡ್ತಾರೆ. ನಾವೊಬ್ಬರೇ ಹರಿಶ್ಚಂದ್ರ ಆಗೋದು ಬೇಡ" ಎಂದ. ಯಜಮಾನರು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ.

ಬೇಡ ಎಂದದ್ದು ಯಜಮಾನಿ. "ದೇವರ ಮನೆ ಮಾಡಿರೋ ಮನೆಗೆ ಕಳ್ಳ ಕಾಗದ ಬೇಡ ಕಣೋ. ನಾಳೆ ಇದನ್ನ ನಿನ್ನ ಮಕ್ಕಳ ಕೈಗೆ ಕೊಡಬೇಕು. ಆ ಕಾಗದ ಯಾರೋ ಎತ್ತಿ ನೋಡಿದರೆ ಏನು ಹೇಳ್ತೀಯ?" ನನ್ನ ಲೆಕ್ಕದಲ್ಲಿ ಇದು ಪ್ರಕರಣದ ಮೊದಲ ತಿರುವು. ಆಕೆಯ ಮಾತಿನಲ್ಲಿ ನೀತಿಯೂ ಇತ್ತು, ವ್ಯವಹಾರವೂ ಇತ್ತು. ಹಿಂದಿನ ದಿನಾಂಕದ ಪ್ರಮಾಣಪತ್ರ ಮುಂದೆ ಬ್ಯಾಂಕಿನ ವಕೀಲರ ಕೈಯಲ್ಲೋ ಖರೀದಿದಾರರ ಕೈಯಲ್ಲೋ ಬಯಲಾದರೆ, ಪ್ಲಾನ್ ಉಲ್ಲಂಘನೆ ಎಂಬ ಸಣ್ಣ ತಪ್ಪು ಸುಳ್ಳು ದಾಖಲೆ ಎಂಬ ಕ್ರಿಮಿನಲ್ ತಪ್ಪಾಗುತ್ತದೆ. ಏಜೆಂಟ್ ಆಗ ಸಿಗುವುದಿಲ್ಲ.

ಎರಡನೆಯ ದಾರಿ ಕಾಯುವುದು. ಬಡಾವಣೆಯ ಹೆಚ್ಚಿನವರು ಇದನ್ನೇ ಹೇಳಿದರು. ಚುನಾವಣೆ ಬಂದರೆ ಸಕ್ರಮ ಮಾಡೇ ಮಾಡುತ್ತಾರೆ ಎಂಬ ನಂಬಿಕೆ ಬೆಂಗಳೂರಿನ ರಕ್ತದಲ್ಲೇ ಇದೆ. ಅದಕ್ಕೆ ಕಾರಣವೂ ಉಂಟು. ಅಕ್ರಮ-ಸಕ್ರಮದ ಮಾತು ಈ ರಾಜ್ಯದಲ್ಲಿ 2007ರಿಂದ ನಡೆದಿದೆ. 2014ರಲ್ಲಿ ನಿಯಮ ಬಂತು, ಮನೆಗಳಿಗೆ ಶೇ 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಪ್ರಸ್ತಾಪ ಅದರಲ್ಲಿತ್ತು. ಹೈಕೋರ್ಟು ಎತ್ತಿಹಿಡಿದರೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಅಲ್ಲಿಂದೀಚೆಗೆ ಎಲ್ಲ ಪಕ್ಷಗಳ ಸರ್ಕಾರಗಳೂ ಬಂದು ಹೋಗಿವೆ. ನನಗೆ ಹತ್ತಿರವಾದ ಪಕ್ಷ ಅಧಿಕಾರದಲ್ಲಿದ್ದಾಗಲೂ ಕಟ್ಟುವ ಹಂತದಲ್ಲಿ ತಡೆಯುವ ವ್ಯವಸ್ಥೆ ಬರಲಿಲ್ಲ. ಇದನ್ನು ಮುಚ್ಚಿಟ್ಟು ಮಾತಾಡಿದರೆ ಈ ಬರಹಕ್ಕೆ ಅರ್ಥವಿರುವುದಿಲ್ಲ.

ಜನಪ್ರತಿನಿಧಿಯ ಹತ್ತಿರ ಹೋಗೋಣ ಎಂದರೆ ಕಾರ್ಪೊರೇಟರ್ ಎಂಬವರೇ ಇರಲಿಲ್ಲ. ಬೆಂಗಳೂರು ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ, ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಈ ಕುಟುಂಬ ಅಲೆದಾಡಿದ ಕಾಲದುದ್ದಕ್ಕೂ ವಾರ್ಡಿಗೆ ಚುನಾಯಿತ ಸದಸ್ಯರಿಲ್ಲ. ಬೀದಿಯ ಮಟ್ಟದಲ್ಲಿ ಲೆಕ್ಕ ಕೇಳುವ ಹಕ್ಕನ್ನು ಐದು ವರ್ಷ ಕಸಿದುಕೊಂಡು, ಆಡಳಿತ ಸುಧಾರಣೆಯ ಮಾತಾಡುವುದನ್ನು ಯಾವ ಪಕ್ಷ ಮಾಡಿದರೂ ನಾನು ಒಪ್ಪುವುದಿಲ್ಲ.

ಮಾಹಿತಿ ಹಕ್ಕಿನ ಅರ್ಜಿ

ಈ ಹಂತದಲ್ಲಿ ಯಜಮಾನರು ಸಲಹೆಗೆ ಬಂದಾಗ, ಜಗಳಕ್ಕೆ ಹೋಗುವ ಮೊದಲು ದಾಖಲೆ ಕೇಳೋಣ ಎಂದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, 30 ದಿನದೊಳಗೆ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಹಾಗಾಗಿ ಒಂದೇ ಪ್ರಶ್ನೆ ಇಟ್ಟೆವು. ಪ್ಲಾನ್ ಮಂಜೂರಾದ ದಿನದಿಂದ ಓಸಿ ಅರ್ಜಿ ಹಾಕಿದ ದಿನದವರೆಗೆ ಈ ನಿವೇಶನದಲ್ಲಿ ನಡೆಸಿದ ತಪಾಸಣೆಗಳ ವರದಿಯ ಪ್ರತಿ ಕೊಡಿ.

ಬಂದ ಉತ್ತರ ಒಂದು ಸಾಲಿನದು. ಕೋರಿದ ಮಾಹಿತಿ ಕಡತದಲ್ಲಿ ಲಭ್ಯವಿಲ್ಲ.

ಆ ಕಾಗದದಿಂದ ಓಸಿ ಸಿಗುವುದಿಲ್ಲ, ಅದು ನಮಗೂ ಗೊತ್ತಿತ್ತು. ಆದರೆ ಮನೆಯೊಳಗಿನ ಮಾತುಕತೆ ಅದರಿಂದ ಬದಲಾಯಿತು. ಅಲ್ಲಿಯವರೆಗೆ ಯಜಮಾನರು ಎಲ್ಲ ತಪ್ಪನ್ನೂ ತಮ್ಮ ತಲೆಗೆ ಹಾಕಿಕೊಂಡು ಕುಗ್ಗಿದ್ದರು. ತಪ್ಪು ಅವರದ್ದಿತ್ತು, ಸರಿ. ಶಟರ್ ಇಟ್ಟಿದ್ದು ಅವರೇ. ಆದರೆ ಪಾಯ ತೋಡಿದಾಗ, ಕಂಬ ಎದ್ದಾಗ, ತಾರಸಿ ಹಾಕಿದಾಗ ಒಬ್ಬ ಅಧಿಕಾರಿ ಬಂದು ಪ್ಲಾನ್ ಹಿಡಿದು ನೋಡಿದ್ದರೆ, ನಾಲ್ಕು ಸಾಲು ಇಟ್ಟಿಗೆಯಲ್ಲೇ ತಪ್ಪು ನಿಲ್ಲುತ್ತಿತ್ತು. ತೀರ್ಪಿನ ನಿರ್ದೇಶನಗಳಲ್ಲಿ ಅಧಿಕಾರಿಗಳ ಮೇಲಿನ ಹೊಣೆಯೂ ಇತ್ತು, ಮನೆಯವರ ಮೇಲಿನ ಹೊಣೆಯೂ ಇತ್ತು. ಈ ಮನೆಯ ಮಟ್ಟಿಗೆ ಜಾರಿಯಾದದ್ದು ಎರಡನೆಯದು ಮಾತ್ರ.

ಒಡೆಯುವ ನಿರ್ಧಾರ

ಅದೇ ಬಡಾವಣೆಯಲ್ಲಿ ನಿವೃತ್ತ ಸರ್ಕಾರಿ ಎಂಜಿನಿಯರ್ ಒಬ್ಬರಿದ್ದಾರೆ. ಜೂನ್ ಮೊದಲ ವಾರದ ಒಂದು ಭಾನುವಾರ ಅವರು ಮನೆಗೆ ಬಂದರು. ಪ್ಲಾನಿನ ಹಾಳೆಯನ್ನು ಹಾಲ್‌ನ ನೆಲದ ಮೇಲೆ ಹಾಸಿ, ಮಡಿಕೆ ಮೇಲೇಳದಂತೆ ನಾಲ್ಕು ಮೂಲೆಗೆ ನಾಲ್ಕು ಟೈಲ್ಸ್ ತುಂಡು ಇಟ್ಟರು. ಮಗ ಟೇಪಿನ ಒಂದು ತುದಿ, ಅವರು ಇನ್ನೊಂದು ತುದಿ. ಮುಂದೆ, ಹಿಂದೆ, ಎಡ, ಬಲ, ಮೆಟ್ಟಿಲಿನ ಅಗಲ, ಮಹಡಿಯ ಎತ್ತರ, ಒಂದೊಂದನ್ನೂ ಅಳೆದು ಪ್ಲಾನಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದರು. ಬಾಲ್ಕನಿ ಹತ್ತಿರ ಬಂದಾಗ ಎರಡು ಸಲ ಅಳೆದರು. ಕೊನೆಗೆ ಹೇಳಿದ್ದು ಇಷ್ಟು: "ಗೋಡೆಗಳಲ್ಲಿ ಒಂದೆರಡು ಇಂಚು ಹೆಚ್ಚು ಕಮ್ಮಿ ಇದೆ, ಅದು ಶೇ 5ರೊಳಗೆ ಬರುತ್ತೆ, ದಂಡ ಕಟ್ಟಿದರೆ ಬಿಡೋಕೆ ಬೈಲಾದಲ್ಲೇ ಅವಕಾಶ ಇದೆ. ಶಟರ್ ತೆಗೀಬೇಕು, ಮೇಲಿನ ರೂಮ್ ಹೋಗಬೇಕು, ಬಾಲ್ಕನಿ ಕಟ್ ಮಾಡಬೇಕು. ಮೂರು ಮಾಡಿದರೆ ಯಾರೂ ನಿಮ್ಮ ಫೈಲ್ ತಡೆಯೋಕೆ ಆಗಲ್ಲ."

ಅಷ್ಟು ದಿನ ಆ ಮನೆಯವರ ಕಿವಿಗೆ ಬಿದ್ದಿದ್ದು ಆಗುತ್ತೆ, ಆಗಲ್ಲ ಎಂಬ ಎರಡೇ ಮಾತು. ಏನು ಮಾಡಿದರೆ ಆಗುತ್ತದೆ ಎಂದು ಪಟ್ಟಿ ಮಾಡಿ ಹೇಳಿದವರು ಇವರೊಬ್ಬರೇ. ಅದನ್ನು ಹೇಳಬೇಕಾಗಿದ್ದದ್ದು ಕಚೇರಿ. ಹೇಳಿದ್ದು ನಿವೃತ್ತಿಯಾದ ನೆರೆಯವರು. ಇಂಥ ನೆರೆಹೊರೆ ಇನ್ನೂ ಉಳಿದಿರುವುದರಿಂದಲೇ ಈ ಊರು ನಡೆಯುತ್ತಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮನೆಯಲ್ಲಿ ಮೂರು ದಿನ ಚರ್ಚೆ ನಡೆಯಿತು. ಅಂಗಡಿ ಹೋದರೆ ತಿಂಗಳ ಬಾಡಿಗೆ ಹೋಗುತ್ತದೆ. ಒಡೆದು ಸರಿಮಾಡಲು ಒಂದೂವರೆ ಲಕ್ಷದ ಹತ್ತಿರ ಖರ್ಚು. ಇನ್ನೊಂದು ಕಡೆ, ತಾತ್ಕಾಲಿಕ ಬಿಲ್ಲು ಮತ್ತು ಖಾಲಿ ಮಹಡಿಗಳ ಬಾಡಿಗೆ ನಷ್ಟ ಸೇರಿ ಅಷ್ಟೇ ದುಡ್ಡು ಕೆಲವೇ ತಿಂಗಳಲ್ಲಿ ಕರಗುತ್ತದೆ. ಮಗ ಎಕ್ಸೆಲ್‌ನಲ್ಲಿ ಎರಡೂ ಲೆಕ್ಕ ಹಾಕಿ ತೋರಿಸಿದ. ಒಡೆಯುವುದೇ ಮೇಲು ಎಂದು ಅವನೇ ಮೊದಲು ಹೇಳಿದ.

ಕೆಲಸಕ್ಕೆ ಬಂದದ್ದು ಅದೇ ಕಂಟ್ರಾಕ್ಟರ್‌ನ ಮೇಸ್ತ್ರಿ. ಶಟರನ್ನು ಬಿಚ್ಚಿ ಗುಜರಿಗೆ ತೂಕಕ್ಕೆ ಹಾಕಿದರು. ಅದರ ಪಕ್ಕದ ಆರಿಂಚಿನ ಗೋಡೆಯನ್ನು ಬ್ರೇಕರ್ ಹಿಡಿದು ಕೆಡವುವಾಗ ಎದುರುಮನೆಯವರು ಬಂದು, ಬುದ್ಧಿ ಇದೆಯಾ, ಇನ್ನಾರು ತಿಂಗಳು ತಡೆಯಬಾರದಿತ್ತಾ ಎಂದು ಕೇಳಿದರಂತೆ. ಯಜಮಾನರು ಉತ್ತರ ಕೊಡದೆ ಧೂಳಿಗೆ ನೀರು ಹಾಕಿಸುತ್ತಾ ನಿಂತರು. ಬಾಲ್ಕನಿ ಕತ್ತರಿಸಿದ ಅಂಚಿನಲ್ಲಿ ಕಂಬಿ ಹೊರಗೆ ಕಾಣುತ್ತಿತ್ತು. ಅದಕ್ಕೆ ತುಕ್ಕು ಹಿಡಿಯದ ಹಾಗೆ ಬಳಿದು, ಮತ್ತೆ ಸಿಮೆಂಟ್ ಕಟ್ಟಿ, ಬಣ್ಣ ಹೊಡೆಸಿದರು.

ಏನಾಯಿತು

ಜುಲೈನಲ್ಲಿ ಹೊಸದಾಗಿ ಓಸಿ ಅರ್ಜಿ ಹೋಯಿತು. ಈ ಬಾರಿ ಜೊತೆಗೆ ಒಡೆಯುವ ಮೊದಲಿನ ಮತ್ತು ನಂತರದ ಫೋಟೋಗಳು, ಅಳತೆಯ ಪಟ್ಟಿ, ಶೇ 5ರೊಳಗಿನ ವ್ಯತ್ಯಾಸಕ್ಕೆ ದಂಡ ಕಟ್ಟಲು ಸಿದ್ಧ ಎಂಬ ಪತ್ರ ಇತ್ತು. ಪ್ರತಿಯೊಂದಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಂಡರು. ಎಂಜಿನಿಯರ್ ಬಂದು ಅಳೆದರು, ಕಡತ ಮೇಲಕ್ಕೆ ಹೋಯಿತು. ಅಷ್ಟರಲ್ಲಿ 2025ರ ಸೆಪ್ಟೆಂಬರ್ 2ರಂದು ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳಾದವು. ಕಡತ ಯಾವ ಮೇಜಿನಲ್ಲಿದೆ ಎಂದು ಕೇಳಿದರೆ ಕೆಲವು ದಿನ ಯಾರಿಗೂ ಹೇಳಲಾಗಲಿಲ್ಲ. ಸ್ವೀಕೃತಿ ಪತ್ರಗಳು ಆಗ ಕೈಹಿಡಿದವು. ಮೊಹರು ಹಳೆಯ ಪಾಲಿಕೆಯದ್ದಾದರೂ ಅದರ ಮೇಲಿನ ಸಂಖ್ಯೆ ಹಿಡಿದು ಹುಡುಕಿದಾಗ ಕಡತ ಸಿಕ್ಕಿತು. ಸೆಪ್ಟೆಂಬರ್ ಕೊನೆಗೆ ಓಸಿ ಬಂತು. ಲಂಚ ಕೊಟ್ಟಿಲ್ಲ. ಕೇಳಿದವರಿರಲಿಲ್ಲ ಎಂದಲ್ಲ, ಕಾಗದ ಪೂರ್ತಿ ಸರಿಯಿದ್ದುದರಿಂದ ಕೇಳಿದವರು ಒತ್ತಾಯಿಸಲಿಲ್ಲ.

ಮೀಟರ್ ಬಂದು ಕೂತ ಹೊತ್ತಿಗೇ ಇನ್ನೊಂದು ಸುದ್ದಿ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ 1,200 ಚದರಡಿವರೆಗಿನ ನಿವೇಶನದಲ್ಲಿ ಕಟ್ಟಿದ ಚಿಕ್ಕ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಡಲು ತೀರ್ಮಾನಿಸಿತು. 30x40 ಎಂದರೆ ಸರಿಯಾಗಿ 1,200 ಚದರಡಿ. ಎದುರುಮನೆಯವರ ಅಳಿಯನ ಮನೆಯೂ ಅದೇ ಅಳತೆಯದು, ಅವರು ಒಂದು ಇಟ್ಟಿಗೆಯನ್ನೂ ಒಡೆದಿರಲಿಲ್ಲ. ಅವರು ಮೀಟರಿಗೆ ಓಡಾಡಲು ಶುರು ಮಾಡಿದರು.

ಮಗ ಅವತ್ತು ರಾತ್ರಿ ಊಟ ಬಿಟ್ಟ. "ಕಾದಿದ್ದರೆ ಸಾಕಿತ್ತಲ್ಲಪ್ಪ" ಎಂದನಂತೆ. ಯಜಮಾನಿ ನನ್ನ ಹತ್ತಿರ ಹೇಳಿದ್ದು ಬೇರೆ: "ಅವನಿಗೆ ದುಡ್ಡು ಹೋಯ್ತು ಅನ್ನೋ ಬೇಜಾರು. ನನಗೆ, ಮಾಡಿದ ತಪ್ಪು ಸರಿ ಮಾಡಿದವರಿಗೂ ಮಾಡದೇ ಇದ್ದವರಿಗೂ ಒಂದೇ ಆಯ್ತಲ್ಲ ಅನ್ನೋ ಬೇಜಾರು."

ಈ ಪ್ರಕರಣದಿಂದ ನಾನು ತೆಗೆದುಕೊಳ್ಳುವುದು

ಜೂನ್‌ನಲ್ಲಿ ಅವರು ಮಾಡಿದ ನಿರ್ಧಾರ ಸರಿಯಾದದ್ದೇ. ಆಗ ಅವರ ಕೈಲಿದ್ದದ್ದು ಒಂದು ತೀರ್ಪು, ಒಂದು ಬಿಲ್ಲು, ಒಂದು ಇಎಂಐ. ವಿನಾಯಿತಿ ಬರುತ್ತದೆಂದು ಯಾರಿಗೂ ಖಾತ್ರಿ ಇರಲಿಲ್ಲ. 2007ರಿಂದ ಸಕ್ರಮಕ್ಕಾಗಿ ಕಾದವರು ಇನ್ನೂ ಕಾಯುತ್ತಿದ್ದಾರೆ. ವಿನಾಯಿತಿಯ ಬಲದಲ್ಲಿ ಮೀಟರ್ ಸಿಗಬಹುದು, ಆದರೆ ಪ್ಲಾನ್ ಮೀರಿದ ಭಾಗ ಪ್ಲಾನ್ ಮೀರಿದ್ದಾಗಿಯೇ ಉಳಿಯುತ್ತದೆ. ಈ ಮನೆಯ ದಾಖಲೆಯಲ್ಲಿ ಅಂಥ ಭಾಗವೇ ಇಲ್ಲ. ಎರಡೂ ಮಹಡಿಗೆ ಬಾಡಿಗೆದಾರರು ಬಂದಿದ್ದಾರೆ, ಕಂತು ಬಾಡಿಗೆಯಿಂದ ಹೋಗುತ್ತಿದೆ.

ವಿನಾಯಿತಿ ಕೊಟ್ಟದ್ದೇ ತಪ್ಪು ಎಂದೂ ನಾನು ಹೇಳಲಾರೆ. 30x40ರಲ್ಲಿ ಮನೆ ಕಟ್ಟಿಕೊಳ್ಳುವವನಿಗೆ ಇಷ್ಟೊಂದು ಪ್ರಮಾಣಪತ್ರ ಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬೇಡ ಎಂದಾದರೆ ನಿಯಮವನ್ನೇ ಮೊದಲು ಸರಳ ಮಾಡಬೇಕಿತ್ತು. ಬೇಕು ಎಂದಾದರೆ ಪಾಯದ ದಿನದಿಂದ ಜಾರಿ ಮಾಡಬೇಕಿತ್ತು. ಮಾರ್ಚ್‌ನಲ್ಲಿ ಕಬ್ಬಿಣದಷ್ಟು ಗಟ್ಟಿಯಾಗಿದ್ದ ನಿಯಮ ಅಕ್ಟೋಬರಿಗೆ ಸಡಿಲವಾದರೆ, ನಡುವಿನ ಏಳು ತಿಂಗಳಲ್ಲಿ ಪಾಲಿಸಿದವರು ಮುಂದೆ ಯಾವ ನಿಯಮವನ್ನು ನಂಬಬೇಕು? ಕಾನೂನಿನ ಮೇಲಿನ ಗೌರವ ಪೊಲೀಸರಿಂದ ಉಳಿಯುವುದಕ್ಕಿಂತ ಹೆಚ್ಚಾಗಿ ಇಂಥ ಸಾಮಾನ್ಯ ಕುಟುಂಬಗಳ ಅಭ್ಯಾಸದಿಂದ ಉಳಿಯುತ್ತದೆ. ಆ ಅಭ್ಯಾಸವನ್ನು ಸರ್ಕಾರವೇ ಸವೆಸುತ್ತಿದೆ, ಅದೇ ನನ್ನ ಸಂಕಟ.

ಸರ್ಕಾರದಿಂದ ಕೇಳುವುದು ದೊಡ್ಡದೇನಲ್ಲ. ಪಾಯ, ಮೊದಲ ತಾರಸಿ, ಕೊನೆಯ ತಾರಸಿ, ಈ ಮೂರು ಹಂತಕ್ಕೆ ತಪಾಸಣೆ. ಬಂದ ಅಧಿಕಾರಿಯ ಸಹಿ ಮತ್ತು ದಿನಾಂಕ ಆನ್‌ಲೈನ್‌ನಲ್ಲಿ. ನಿಗದಿತ ದಿನದೊಳಗೆ ಬಾರದಿದ್ದರೆ ಆ ಹಂತ ಸರಿಯಿದೆ ಎಂದೇ ಲೆಕ್ಕ. ತಡವಾದ ಸೇವೆಗೆ ಅಧಿಕಾರಿ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೊಡಬೇಕು ಎಂಬ ಸಕಾಲ ಕಾನೂನನ್ನು 2011ರಲ್ಲೇ ಮಾಡಿದ ರಾಜ್ಯ ನಮ್ಮದು. ಹೊಣೆಯನ್ನು ಅಧಿಕಾರಿಯ ಹೆಸರಿಗೆ ಬರೆಯುವುದು ಹೇಗೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಕಟ್ಟುತ್ತಿರುವವರಿಗೆ ಇಷ್ಟು ಹೇಳಬಲ್ಲೆ. ಪ್ಲಾನಿನ ಪ್ರತಿಯನ್ನು ಕಟ್ಟಡದ ಮುಂದೆ ಹಾಕಿ. ಪ್ರತಿ ಹಂತದಲ್ಲೂ ಟೇಪ್ ಹಿಡಿದ ಫೋಟೋ ದಿನಾಂಕದೊಂದಿಗೆ ತೆಗೆದಿಡಿ. ಪಾಯ ಮುಗಿದ ದಿನವೇ ತಪಾಸಣೆಗೆ ಬನ್ನಿ ಎಂದು ಎಂಜಿನಿಯರಿಗೆ ಬರಹದಲ್ಲಿ ಕೇಳಿ, ಸ್ವೀಕೃತಿ ತೆಗೆದುಕೊಳ್ಳಿ. ಅವರು ಬಂದರೆ ತಪ್ಪು ಅಲ್ಲೇ ನಿಲ್ಲುತ್ತದೆ, ಬಾರದಿದ್ದರೆ ಆ ಕಾಗದ ನಿಮ್ಮ ಕಡತದಲ್ಲಿರುತ್ತದೆ. ಕಂಟ್ರಾಕ್ಟರ್ ಜೊತೆ ಮಾಡಿಕೊಳ್ಳುವ ಕರಾರಿನಲ್ಲಿ, ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಪ್ಲಾನ್ ಬದಲಿಸಿದರೆ ಒಡೆಯುವ ಖರ್ಚು ಅವನದ್ದೇ ಎಂದು ಒಂದು ಸಾಲು ಸೇರಿಸಿ. ಈ ಯಜಮಾನರ ಕರಾರಿನಲ್ಲಿ ಆ ಸಾಲು ಇರಲಿಲ್ಲ. ಮಗನ ಸ್ನೇಹಿತನೊಬ್ಬ ಈಗ ನಾಗರಬಾವಿ ಕಡೆ ಮನೆ ಶುರು ಮಾಡಿದ್ದಾನೆ, ಅವನ ಕರಾರಿಗೆ ಅದನ್ನು ಸೇರಿಸಿದವನು ಇದೇ ಮಗ.